ಆಡಿನ ಗುಂಡಿಗೆ

ಡಾಲ್ಡಾ ಡಬ್ಬಿಯ ಮುಚ್ಚಳ ತೆಗೆದ ಬಸವಂತರಾಯ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಗ್ರೀಸ್ ಇರಬೇಕಾದ ಡಬ್ಬಿಯಲ್ಲಿ ಆಡಿನ ಗುಂಡಿಗೆ ಇತ್ತು. ಪಕ್ಕದಲ್ಲಿ ಮಗಳು ಮಹಾನಂದಾ ಒಂದು ಕೈಯಲ್ಲಿ ಹೊಸ ಬ್ಲೇಡು, ಇನ್ನೊಂದರಲ್ಲಿ ತೆರೆದ ಪುಸ್ತಕ ಹಿಡಿದು, ಕದ್ದು ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು.

"ಏನಿದು?"

"ಗುಂಡಿಗಿ ರಿ ಅಪ್ಪಾಜಿ, ಆಡಿಂದು. ಸಿಕಂದರ ಚಾಚಾನ ಮಟನ್ ಅಂಗಡ್ಯಾಗಿಂದ ತಂದೇನಿ. ಸೋಮವಾರ ಪರೀಕ್ಷಾ ಅದ."

"ಲಿಂಗ ಕಟ್ಟಿದವರ ಮನ್ಯಾಗ ಇದನ್ನ ತರ್ತಿಯೇನ ಬೇ! ಮೊದಲ ಹೊರಗ ಚೆಲ್ಲು. ತಲಿಮ್ಯಾಲ ನೀರು ಹಾಕ್ಕೊಂಡು ಒಳಗ ಬಾ."

ಮನೆಯೆಂದರೆ ಹಿಂದೆ ಎರಡು ಕೋಣೆ. ಮುಂದಿನದು ಬಸವಂತರಾಯನ ಪಂಪ್‌ಸೆಟ್ ರಿಪೇರಿ ಅಂಗಡಿ. ಕಬ್ಬಿಣ ಕಚ್ಚಿ ಹಿಡಿಯುವ ವೈಸು, ತಾಮ್ರದ ತಂತಿಯ ಸುರುಳಿ, ಗೋಡೆಯ ಮೇಲೆ ಅವನೇ ಕೆಂಪು ಬಣ್ಣದಲ್ಲಿ ಬರೆದ ಹಲಗೆ: 'ರಿಪೇರಿ ಕೆಲಸಕ್ಕೆ ಗ್ಯಾರಂಟಿ ಇಲ್ಲ'. ಅದನ್ನು ಓದಿಯೂ ದೂರದ ಚೌಡಾಪುರ, ಭೂಸನೂರಿನಿಂದ ಬಂದ ರೈತರು ಪಂಪು ಇಳಿಸಿ ನಿಶ್ಚಿಂತೆಯಿಂದ ಹೋಗುತ್ತಿದ್ದರು. ಅದು ತೊಂಬತ್ತೆರಡನೆಯ ಇಸವಿ. ಎಂಜಿನಿಯರಿಂಗ್ ಓದುವ ಹುಡುಗಿ ಎಲುಬು, ನರ, ಗುಂಡಿಗೆ ಉರು ಹೊಡೆಯುವುದೇಕೆಂದು ಜೇವರ್ಗಿಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ದವಾಖಾನೆಯ ಯಂತ್ರ ಮಾಡುವವರು ಆ ಯಂತ್ರ ಯಾವುದಕ್ಕೆ ಹಚ್ಚುತ್ತಾರೋ ಅದನ್ನೂ ತಿಳಿದಿರಬೇಕು ಎಂದು ಹೇಳಿ ಹೇಳಿ ಮಹಾನಂದಾಳಿಗೂ ಸಾಕಾಗಿತ್ತು. ಸರ್ಕ್ಯೂಟು ಅವಳಿಗೆ ನೀರು ಕುಡಿದಷ್ಟು ಸಲೀಸು. ಈ ಅನಾಟಮಿ ಮಾತ್ರ ಏನು ಮಾಡಿದರೂ ತಲೆಗೆ ಹತ್ತುತ್ತಿರಲಿಲ್ಲ.

ಬರೀ ಪರೀಕ್ಷೆಯಾಗಿದ್ದರೆ ಪುಸ್ತಕದ ಚಿತ್ರ ನೋಡಿಯೇ ಬರೆದು ಬರುತ್ತಿದ್ದಳು. ಆದರೆ ಮೂರು ತಿಂಗಳ ಹಿಂದೆ ಹೈದರಾಬಾದಿನ ಡಾಕ್ಟರು ಅವ್ವ ಗೌರಾಬಾಯಿಯ ಗುಂಡಿಗೆಯ ವಾಲ್ವು ಕೆಟ್ಟಿದೆ, ಬೇಗ ಬದಲಿಸಬೇಕು ಎಂದಿದ್ದರು. "ಗ್ಯಾರಂಟಿ ಕೊಡ್ತೀರೇನ್ರಿ?" ಎಂದು ಬಸವಂತರಾಯ ಕೇಳಿದ್ದ. ಹಾಗೆಲ್ಲ ಕೊಡಲಾಗುವುದಿಲ್ಲ ಎಂದಾಗ ಅದೇ ದಿನ ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದುಬಿಟ್ಟ. ಅಂದಿನಿಂದ ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. ಅವ್ವ ಒಳಗಿನಿಂದ ಅಂಗಡಿಗೆ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಬಾಗಿಲು ಹಿಡಿದು ನಿಲ್ಲುತ್ತಿದ್ದಳು.

"ನಿಮ್ಮ ಫುಟ್‌ವಾಲ್ವಿನ ವಾಷರ್ ಯಾತರದು ರಿ ಅಪ್ಪಾಜಿ?" ಮಹಾನಂದಾ ತಲೆ ಎತ್ತದೆ ಕೇಳಿದಳು. "ಎಮ್ಮಿ ತೊಗಲಿಂದಲ್ಲೇನು?"

ಬಾವಿಯ ಪೈಪಿನಿಂದ ನೀರು ಹಿಂದಕ್ಕೆ ಇಳಿಯದ ಹಾಗೆ ತಡೆಯುವ ಆ ತೊಗಲನ್ನು ಮೂವತ್ತು ವರ್ಷ ಕತ್ತರಿಸಿದ ಕೈ ಅವನದು. ಮುಖ ಗಂಟು ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತ. ಮಗಳು ಹಳೆಯ ಪೇಪರು ಹಾಸಿ, ಗುಂಡಿಗೆಯ ನಟ್ಟನಡುವೆ ಬ್ಲೇಡು ಇಟ್ಟಳು. ನೋಡುವುದಿಲ್ಲವೆಂದು ಕುಳಿತವನು ನೋಡುತ್ತಲೇ ಇದ್ದ. ಕೆಟ್ಟ ಕೈಗೆಲಸವನ್ನು ಸಹಿಸುವುದು ಅವನ ಜಾಯಮಾನವಲ್ಲ.

"ಹಂಗ ನಡುಬರಕ ಕೊಯ್ದರ ವಾಲ್ವು ಕುಂದ್ರೂ ಸೀಟು ಹಾಳಾಗ್ತದ. ಮ್ಯಾಲಿನ ಟೋಪಿ ಅಷ್ಟು ತೆಗಿ. ಕೊಡು ಇಲ್ಲಿ."

ಬಾವಿಗೆ ಇಳಿಯುವಾಗ ಮಾಡುವ ಹಾಗೆಯೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು ಬ್ಲೇಡು ಇಸಿದುಕೊಂಡ. ನಾಲ್ಕೇ ಗೀರಿಗೆ ಮೇಲಿನ ಭಾಗ ಕಳಚಿತು. ಒಳಗೆ ತೆಳ್ಳಗಿನ ಎರಡು ಪರದೆ, ಅವನ್ನು ಕೆಳಗಿನಿಂದ ಹಿಡಿದ ಬಿಳಿಯ ನೂಲುಗಳು. ಮಹಾನಂದಾ ಚೊಂಬಿನಿಂದ ನೀರು ಹೊಯ್ದಳು. ಪರದೆ ತೆರೆದು ನೀರು ಕೆಳಗಿಳಿಯಿತು. ಅವನು ಹೊರಹೋಗುವ ನಾಳವನ್ನು ಬೆರಳಿನಿಂದ ಒತ್ತಿ ಹಿಡಿದು ಗುಂಡಿಗೆಯನ್ನು ಮೆಲ್ಲಗೆ ಹಿಚುಕಿದ. ಪರದೆಗಳು ಮೇಲೆದ್ದು ಒಂದಕ್ಕೊಂದು ಕೂಡಿಕೊಂಡವು. ನೀರು ಹಿಂದಕ್ಕೆ ಬರಲಿಲ್ಲ.

"ಉಲ್ಟಾ ಮಗಚಬಾರದಂತ ಇದನ್ನ ಮಾಡಿದಾಂವ ದಾರ ಕಟ್ಟ್ಯಾನ ನೋಡು," ಎಂದ. ಸಿಟ್ಟು ಎಲ್ಲಿ ಹೋಯಿತೋ. "ಕಾರೀಗರ ಅಂದ್ರ ಇಂವ."

ಆಮೇಲೆ ಪರದೆಗಳ ನಡುವೆ ಬೆರಳು ಇಳಿಸಿ ನೋಡಿದ. ಬೆರಳು ಸಲೀಸಾಗಿ ಹೋಯಿತು. ತೆಗೆಯದೆ ಹಾಗೆಯೇ ಇಟ್ಟುಕೊಂಡು ಕೇಳಿದ: "ನಿಮ್ಮವ್ವಂದು?"

"ಅವ್ವಂದು ದಪ್ಪ ಆಗಿ ಒಂದಕ್ಕೊಂದು ಅಂಟ್ಯಾವ್ರಿ. ಬೆರಳು ಹೋಗೂದಿಲ್ಲ. ಪೆನ್ಸಿಲ್ ಹೋದರ ಹೋಗಬಹುದು." ಪುಸ್ತಕದಲ್ಲಿ ಹತ್ತು ಸಲ ಓದಿದ್ದು ಈಗ ಅವಳಿಗೂ ಕಣ್ಣಿಗೆ ಕಂಡಿತು.

"ಮೋಟರ್ ಬಂದ್ ಮಾಡಲಾರದ ವಾಲ್ವು ಬದಲಿ ಹೆಂಗ ಮಾಡ್ತಾರ?"

"ಬಂದ್ ಮಾಡ್ತಾರ್ರಿ. ಅಲ್ಲೀತನಕಾ ಹೊರಗ ಒಂದು ಮಷೀನು ರಕ್ತ ತಿರುಗಸ್ತದ. ಅಂಥ ಮಷೀನ ನಾವು ಕಲಿಯೂದು."

"ಮತ್ತ ಚಾಲೂ ಆಗ್ತದಂತ ಗ್ಯಾರಂಟಿ?"

ಸುಳ್ಳು ಹೇಳಬೇಕೆನಿಸಿತು. ಮಹಾನಂದಾ ಅಪ್ಪನಿಂದ ಕಣ್ಣು ತಪ್ಪಿಸಿ ಎತ್ತಲೋ ನೋಡಿದಳು. ಕಣ್ಣು ಹೋಗಿ ನಿಂತದ್ದು ಅಪ್ಪನ ಹಿಂದಿನ ಗೋಡೆಯ ಮೇಲೆ. ಅವಳ ನೋಟ ಹಿಡಿದು ಬಸವಂತರಾಯನೂ ತಿರುಗಿದ. ತಾನೇ ಬರೆದ ಕೆಂಪು ಅಕ್ಷರಗಳನ್ನು ಮೊದಲ ಸಲ ಓದುವವನ ಹಾಗೆ ಓದಿದ.

ಎದ್ದು ಕೈ ತೊಳೆದು, ಒರೆಸಿಕೊಂಡು, ಕರಡಿಗೆಯನ್ನು ಮತ್ತೆ ಎದೆಗೆ ತಂದುಕೊಂಡ.

"ಮಹಾನಂದಾ, ಹೈದರಾಬಾದ ಗಾಡಿ ಮುಂಜಾನಿ ಎಷ್ಟಕ್ಕ ಅದ, ಬಸ್‌ಸ್ಟ್ಯಾಂಡಿಗಿ ಹೋಗಿ ಕೇಳ್ಕೊಂಡು ಬಾ."

"ಆರೂವರಿಗ್ರಿ," ಎಂಬ ದನಿ ಒಳಗಿನ ಬಾಗಿಲಿನಿಂದ ಬಂತು. ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ಗೌರಾಬಾಯಿ ನಿಂತಿದ್ದಳು. "ನಾ ಕೇಳಿ ಇಟ್ಕೊಂಡು ಮೂರು ತಿಂಗಳಾತು."