ಜೋಡಿ ಕಲಿಕೆ

ಪುಸ್ತಕದ ಕೊನೆಯ ಪುಟ ಮುಗಿಸಿ ಶೀಬಾ ಮೇಡಂ ತಲೆಯೆತ್ತಿದರು. "ಹೇಮಶ್ರೀ, ನಿನ್ನ ಜೋಡಿ ಎಲ್ಲಮ್ಮಾ? ಇಬ್ರೂ ಬಂದ್ರೇನೇ ಮಾರ್ಕ್ಸು ಅಂತ ಹೇಳಿದ್ದೆ ಅಲ್ವಾ?"

"ಬರ್ತಾನೆ ಮೇಡಂ," ಎಂದಳು ಹೇಮಶ್ರೀ. ಬರುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಶಿವಾಜಿನಗರದ ಆ ಕಾಲೇಜಿನಲ್ಲಿ ಈ ವರ್ಷ ಜೋಡಿ ಕಲಿಕೆ ಶುರುವಾಗಿತ್ತು. ವಿಜ್ಞಾನದವರೊಬ್ಬರು, ಕಲಾ ವಿಭಾಗದವರೊಬ್ಬರು ಬುಧವಾರಕ್ಕೊಂದು ಗಂಟೆ ಲೈಬ್ರರಿಯಲ್ಲಿ ಕೂತು ತಮ್ಮ ಪಾಠ ಇನ್ನೊಬ್ಬರಿಗೆ ಹೇಳಿಕೊಡಬೇಕು, ನಡೆದದ್ದನ್ನು ಜೋಡಿಗೊಂದು ಪುಸ್ತಕದಲ್ಲಿ ಬರೆದಿಡಬೇಕು. ಕೆಮಿಸ್ಟ್ರಿಯ ಹೇಮಶ್ರೀಗೆ ಪಟ್ಟಿಯಲ್ಲಿ ಸಿಕ್ಕವನು ಹಿಸ್ಟರಿಯ ಓವೈಸ್. ಅವನು ಒಂದು ಬುಧವಾರವೂ ಬರಲಿಲ್ಲ. ದೂರು ಹೇಳಿದ್ದರೆ ಬೇರೆ ಜೋಡಿಗೆ ಸೇರಿಸುತ್ತಿದ್ದರು. ನಗುತ್ತಾ ಕೂತ ಇಬ್ಬರ ಪಕ್ಕ ಮೂರನೆಯವಳಾಗಿ ಕೂರುವ ಭಾಗ್ಯ ಅವಳಿಗೆ ಕ್ಯಾಂಟೀನಿನಲ್ಲೇ ಬೇಕಾದಷ್ಟು ಸಿಕ್ಕಿತ್ತು. ಹಾಗಾಗಿ ಒಬ್ಬಳೇ ಹಿಸ್ಟರಿ ಓದಿ, 'ಓವೈಸ್ ಹೇಳಿದ' ಎಂದು ಬರೆದಳು. ಹತ್ತು ಬುಧವಾರ ಬರೆದಳು. ಬರೆಯುತ್ತಾ ಬರೆಯುತ್ತಾ ಅವನು ಪಾಠದಾಚೆಗೂ ಮಾತಾಡತೊಡಗಿದ್ದ. ಪಾಪದ ಹುಡುಗಿ, ಅದನ್ನೂ ಬರೆದಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಹುಡುಗನೊಬ್ಬ ಬಂದು ನಿಂತ. ಕೈಯಲ್ಲಿ ಕಾಲೇಜು ಬಿಡುವ ಟಿಸಿ ಅರ್ಜಿ. "ಮೇಡಂ, ಒಂದು ಸೈನ್ ಬೇಕಿತ್ತು. ನಾನು ಓವೈಸ್, ಬಿ.ಎ. ಹಿಸ್ಟರಿ."

ಹೇಮಶ್ರೀ ತಲೆ ತಗ್ಗಿಸಿದಳು.

"ಬಂದ್ಯಾ ಮಹಾರಾಯ! ನಿಮ್ಮ ಪುಸ್ತಕಾನೇ ನೋಡ್ತಿದ್ದೆ, ಕೇಳು," ಎಂದು ಮೇಡಂ ಓದಿದರು. "'ಇನ್‌ಫೆಂಟ್ರಿ ರೋಡು, ಕ್ಯಾವಲ್ರಿ ರೋಡು ಎಂಬ ಹೆಸರುಗಳು ಬ್ರಿಟಿಷರ ದಂಡಿನಿಂದ ಬಂದವು ಎಂದು ಓವೈಸ್ ಹೇಳಿದ. ನನಗೆ ನೆಗಡಿಯಾಗಿದ್ದು ನೋಡಿ ಫ್ಯಾನ್ ಆರಿಸಿದ. ಊಟ ಆಯಿತಾ ಎಂದು ಕೇಳಿದ.' ಬೇರೆಯವ್ರೆಲ್ಲ ಗೈಡ್ ನೋಡಿ ಬರ್ದಿದಾರೆ. ನಿಜವಾಗ್ಲೂ ಜೊತೇಲಿ ಕೂತು ಕಲ್ತಿರೋರು ನೀವಿಬ್ರೇ ಕಣಪ್ಪ."

ಓವೈಸ್ ಪುಸ್ತಕವನ್ನು ನೋಡಿದ. ಆಮೇಲೆ, ಈವರೆಗೆ ಕಂಡೇ ಇರದ ಆ ಹುಡುಗಿಯನ್ನು ನೋಡಿದ. ಅವಳು ನೆಲದಿಂದ ಕಣ್ಣು ಕೀಳಲಿಲ್ಲ. ಅವನು ನಿಜ ಹೇಳಿದರೆ ಮಾರ್ಕ್ಸ್ ಹೋಗುತ್ತಿತ್ತು, ನಾಳೆಯಿಂದ ಕಾಲೇಜಿಗೆಲ್ಲ ಅವಳದೇ ಕಥೆ. ಅವನು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಸರಿ, ಇವಳ ಹತ್ರ ನೀನೇನು ಕಲ್ತೆ ಹೇಳು," ಎಂದರು ಮೇಡಂ.

ಕೆಮಿಸ್ಟ್ರಿಯ ಗಂಧಗಾಳಿಯೂ ಇಲ್ಲದ ಓವೈಸ್ ತಲೆ ಕೆರೆದುಕೊಂಡ. "ಪಾಠ ಎಲ್ಲಾ ಮರ್ತೋಯ್ತು ಮೇಡಂ. ಇವ್ರಿಗೆ ಫ್ಯಾನ್ ಗಾಳಿ ಆಗಲ್ಲ, ಅದೊಂದು ನೆನಪಿದೆ."

ಮೇಡಂ ಜೋರಾಗಿ ನಕ್ಕು ಇಬ್ಬರಿಗೂ ಮಾರ್ಕ್ಸ್ ಹಾಕಿದರು.

ಹೊರಗೆ ಬಂದ ಮೇಲೆ ಹೇಮಶ್ರೀ ಕೇಳಿದಳು, "ನಂಗೋಸ್ಕರ ಯಾಕೆ ಸುಳ್ಳು ಹೇಳಿದ್ರಿ?"

"ನೀವು ಹತ್ತು ವಾರ ಹೇಳಿದ್ದೀರಾ, ನಾನು ಒಂದು ನಿಮಿಷ ಹೇಳ್ಬಾರ್ದಾ?" ಅವನು ನಕ್ಕ. "ಅಬ್ಬಾಗೆ ಹುಷಾರಿಲ್ಲ. ಕಮರ್ಷಿಯಲ್ ಸ್ಟ್ರೀಟಲ್ಲಿ ಬಟ್ಟೆ ಅಂಗಡಿ ನಾನೇ ನೋಡ್ಕೋಬೇಕು. ಸೈನ್ ನಾಳೆ ಬಂದು ಹಾಕಿಸ್ಕೊಳ್ತೀನಿ ಬಿಡಿ."

"ಬುಧವಾರ..." ಎಂದಳು ಅವಳು.

"ಬುಧವಾರ ಹೊಸ ಮಾಲು ಬರುತ್ತೆ ರೀ. ಆಗಲ್ಲ." ಅವನು ಅವಸರದಲ್ಲಿ ಮೆಟ್ಟಿಲಿಳಿದು ಹೋದ.

ಬುಧವಾರ ಹೇಮಶ್ರೀ ಲೈಬ್ರರಿಗೆ ಹೋದಳು. ಬರೆಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಪುಸ್ತಕ ತೆರೆದು 'ಓವೈಸ್ ಇವತ್ತು' ಎಂದು ಬರೆದಳು. ಮುಂದಕ್ಕೆ ಏನೂ ಹೊಳೆಯಲಿಲ್ಲ. ಇಷ್ಟು ದಿನ ಬರುತ್ತಿದ್ದವನಿಗೆ ಮುಖವಿರಲಿಲ್ಲ, ಕರೆದಾಗೆಲ್ಲ ಬಂದು ಕೂರುತ್ತಿದ್ದ. ಈಗ ಕಣ್ಣೆದುರು ಬಂದವನು ಮೆಟ್ಟಿಲಿಳಿದು ಹೋಗುತ್ತಿದ್ದ ಆ ಹುಡುಗ. ಅವನಿಗೆ ಅವಳ ಹತ್ತಿರ ಆಡಲು ಮಾತಿರಲಿಲ್ಲ. ಗಂಟೆ ಹೊಡೆಯುವವರೆಗೂ ಅವಳು ಕಾದಳು.

ಕಾಲೇಜಿನವರು ಟಿಸಿ ಕೊಟ್ಟದ್ದು ಒಬ್ಬ ಓವೈಸ್‌ಗೆ. ಹೋದವರು ಇಬ್ಬರು.