ಬರ್ನಿಸಳ ಕೆರೆ

“ಈ ಕೆರೆ ಈ ವರ್ಷ ಉಳಿಯೋದು ಕಷ್ಟ” ಎಂದಳು ಬರ್ನಿಸ್, ಪರದೆಯ ಮೇಲಿನ ಚಿತ್ರದಿಂದ ಕಣ್ಣು ತೆಗೆಯದೆ.

ವಿದ್ಯಾರ್ಥಿನಿ ಕಲಿಯಾಳ ಸಂಶೋಧನೆ ಪಾಸಾಗಬೇಕಾದರೆ ಈ ಹೆಂಗಸು ತಲೆಯಾಡಿಸಬೇಕಿತ್ತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೆರೆಗಳನ್ನು ಬರ್ನಿಸಳಷ್ಟು ಬಲ್ಲವರು ಆ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ. ಭೌತಶಾಸ್ತ್ರದವರನ್ನು ಕಂಡರೆ ಅವಳಷ್ಟು ಮೂಗು ಮುರಿಯುವವರೂ ಇರಲಿಲ್ಲ. ಅದರಲ್ಲೂ ಕಲಿಯಾಳ ಗುರು ಆರ್ವಿಡ್‌ನನ್ನು ಕಂಡರೆ. ಅವನೀಗ ಪಕ್ಕದ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈಕಟ್ಟಿ ಕೂತು ಮಜಾ ನೋಡುತ್ತಿದ್ದ. ಬಡಿಯುವ ಹೃದಯವಿರಲಿ, ಏರಿಳಿಯುವ ಕೆರೆಯಿರಲಿ, ಮಿನುಗುವ ನಕ್ಷತ್ರವಿರಲಿ, ಅದು ಈಗ ಎಲ್ಲಿದೆ ಎಂಬುದನ್ನು ಅಡ್ಡಗೆರೆಯಲ್ಲೂ ಎತ್ತ ಹೊರಟಿದೆ ಎಂಬುದನ್ನು ಉದ್ದಗೆರೆಯಲ್ಲೂ ಗುರುತಿಸುತ್ತ ಹೋದರೆ ಒಂದು ಸುರುಳಿ ಮೂಡುತ್ತದೆ, ಅದನ್ನು ಓದಲು ಬಂದವರಿಗೆ ಎಲ್ಲವೂ ಓದಲು ಬರುತ್ತದೆ ಎಂಬುದು ಅವನ ಜೀವಮಾನದ ವಾದ. ಭೌತಶಾಸ್ತ್ರದವರು ಅದನ್ನು ಫೇಸ್ ಸ್ಪೇಸ್ ನಕ್ಷೆ ಎನ್ನುತ್ತಾರೆ. ಬರ್ನಿಸ್ ಮೂವತ್ತು ವರ್ಷದಿಂದ ಅದನ್ನು ಕಾಗೆ ಕಾಲು ಗುಬ್ಬಿ ಕಾಲು ಎನ್ನುತ್ತಿದ್ದಳು. ಇವತ್ತು ಅವಳಿಂದಲೇ ಓದಿಸಿ ಸೋಲಿಸಬೇಕೆಂದು ಅವನು ಬೇಕೆಂದೇ ಕೆರೆಯ ಹೆಸರನ್ನು ಮುಚ್ಚಿಡಿಸಿದ್ದ.

“ಭವಿಷ್ಯ ಬೇರೆ ನುಡೀತಿದ್ದೀಯಲ್ಲ ಮಾರಾಯ್ತಿ!” ಎಂದು ಕೆಣಕಿದ.

“ಸುಮ್ನಿರು. ಇಲ್ನೋಡು. ಏನಾದ್ರೂ ಕದಡಿದ್ರೆ ಈ ಸುರುಳಿ ತಿರುಗಿ ತನ್ನ ಜಾಗಕ್ಕೆ ಬರ್ಬೇಕು. ಅಕ್ಟೋಬರ್‌ನಲ್ಲಿ ಚುರುಕಾಗಿ ಬರ್ತಿದೆ. ಜನವರೀಲಿ ತಡವರಿಸ್ತಿದೆ. ಈಗಂತೂ ಬರೋಕೇ ಮನಸ್ಸಿಲ್ಲ ಅನ್ನೋ ಹಾಗಿದೆ. ಹೊರಗಿಂದ ಎಲ್ಲಾ ಚೆನ್ನಾಗೇ ಕಾಣುತ್ತೆ, ಒಂದಿನ ಇದ್ದಕ್ಕಿದ್ದ ಹಾಗೆ ಮಗುಚ್ಕೊಳ್ಳುತ್ತೆ. ಹೊಲದಿಂದ ಇದಕ್ಕೆ ಹರಿದು ಬರೋ ಗೊಬ್ಬರ ಮೊದ್ಲು ನಿಲ್ಲಿಸ್ಬೇಕು. ನನ್ನ ಕೆರೆ ಆಗಿದ್ರೆ ಇವತ್ತೇ ಹೋಗಿ ದಡದಲ್ಲಿ ಕೂತ್ಬಿಡ್ತಿದ್ದೆ, ಅಲ್ಲಾಡ್ತಿರ್ಲಿಲ್ಲ.” ಅವಳು ಕಲಿಯಾಳ ಕಡೆ ತಿರುಗಿದಳು. “ಅದಿರ್ಲಿ, ಯಾವ ಕೆರೆಯಮ್ಮ ಇದು?”

“ನಿಮ್ದೇ ಮೇಡಂ. ನೀವು ಇಷ್ಟು ವರ್ಷದಿಂದ ಅಳೀತಿರೋ ಲೂನ್ ಕೆರೆ.”

“ಸಾಧ್ಯವೇ ಇಲ್ಲ. ಲೂನ್ ಕೆರೆ ಗುಂಡುಕಲ್ಲಿನ ಹಾಗಿದೆ. ಸೋಮವಾರ ತಾನೇ ಮಂಜುಗಡ್ಡೆ ಕೊರೆದು ನೀರು ನೋಡಿ ಬಂದೆ.”

ಕಲಿಯಾ ಕಂಪ್ಯೂಟರಿನಲ್ಲಿ ಹುಡುಕತೊಡಗಿದಳು. ಈ ಲೆಕ್ಕದಲ್ಲಿ ಡಿಗ್ರಿ, ಲೀಟರು, ಸೆಕೆಂಡು ಎಲ್ಲವನ್ನೂ ಅಳಿಸಿ, ಎಲ್ಲವನ್ನೂ ಒಂದೇ ಅಳತೆಗೆ ತಂದಿರುತ್ತಾರೆ. ಅದೇ ಅದರ ಸೊಗಸು. ಹಾಗಾಗಿ ಕೆರೆಗಳೂ ಹೃದಯಗಳೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಹುಡುಕುತ್ತಿದ್ದವಳ ಬೆರಳು ಗಕ್ಕನೆ ನಿಂತಿತು.

“ಅದಲುಬದಲಾಗಿದೆ ಮೇಡಂ. ತಪ್ಪಾಯ್ತು. ಇದು ಕೆರೆ ಅಲ್ಲ, ಹೃದಯ.”

“ಯಾರ್ದು?”

ಕಲಿಯಾ ಆರ್ವಿಡ್‌ನತ್ತ ನೋಡಿದಳು. ಸಂಶೋಧನೆಗೆ ಒಂದು ಹೃದಯ ಬೇಕೆಂದಾಗ, “ಬೇರೆಯವರ್ಯಾಕೆ, ನಾನಿದ್ದೀನಲ್ಲ” ಎಂದು ಅವನೇ ಅಕ್ಟೋಬರ್‌ನಿಂದ ಎದೆಗೆ ಅಳೆಯುವ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದ.

ಆರ್ವಿಡ್ ಮೇಜು ಕುಟ್ಟಿ ನಕ್ಕ. “ನೋಡಿದ್ಯಾ! ಕೆರೆಗೂ ಹೃದಯಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ಲ ನಿನಗೆ. ಗೆದ್ದೆ ನಾನು!”

ಅವನೊಬ್ಬನೇ ನಗುತ್ತಿದ್ದ. ಬರ್ನಿಸ್ ಆಗಲೇ ಕೋಟು ಹಾಕಿಕೊಂಡಾಗಿತ್ತು. ಅವಳಿಗೆ ಭಯವಾಗಿತ್ತು.

“ಏಳು. ಆಸ್ಪತ್ರೆಗೆ.”

“ಇವತ್ತು ಶುಕ್ರವಾರ ಕಣೇ. ಪ್ರತಿ ವಾರದ ಹಾಗೆ ಮೀನು ತಿನ್ನೋಕೆ ಹೋಗೋಣ ಅಂತಿದ್ವಲ್ಲ?”

“ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀಯಲ್ಲ, ಚಳಿಗೆ ಅಂದ್ಕೊಂಡಿದ್ದೆ ನಾನು, ದಡ್ಡಿ. ನಡಿ ಅಂದ್ರೆ ನಡಿ!” ಬಾಗಿಲ ಬಳಿ ಒಮ್ಮೆ ನಿಂತು ಹಿಂದೆ ತಿರುಗಿದಳು. “ಕಲಿಯಾ, ನಿನ್ನ ಕಾಗೆ ಕಾಲು ಪಾಸು. ಇನ್ಮೇಲಾದ್ರೂ ಸರಿಯಾಗಿ ಹೆಸರು ಬರಿ.”

ಆರ್ವಿಡ್‌ನ ಹೃದಯದ ಎರಡು ರಕ್ತನಾಳ ಮುಚ್ಚಿಹೋಗುವುದರಲ್ಲಿದ್ದವು. ವೈದ್ಯರು ಮರುದಿನವೇ ಆ ನಾಳಗಳನ್ನು ತೆರೆದರು. ಇಷ್ಟು ಬೇಗ ಬಂದದ್ದು ಒಳ್ಳೆಯದಾಯಿತೆಂದರು. ಭಾನುವಾರ ಸಂಜೆ ಕಲಿಯಾ ನೋಡಲು ಹೋದಾಗ ಆರ್ವಿಡ್ ದಿಂಬಿಗೊರಗಿ ಕೂತಿದ್ದ, ಮುಖಕ್ಕೆ ಬಣ್ಣ ಬಂದಿತ್ತು. ಪಕ್ಕದಲ್ಲಿ ಕೂತ ಬರ್ನಿಸ್ ಇದ್ದಕ್ಕಿದ್ದಂತೆ ಗಾಳಿ ಮೂಸಿದಳು. ಹೊದಿಕೆಯೊಳಗೆ ಕೈ ಹಾಕಿ ಒಂದು ಎಣ್ಣೆಜಿಡ್ಡಿನ ಪೊಟ್ಟಣ ಎಳೆದಳು. ಒಳಗೆ ಕರಿದ ಚೀಸ್ ಉಂಡೆಗಳು.

“ಗೊಬ್ಬರ ನಿಲ್ಲಿಸ್ಬೇಕು ಅಂದಿದ್ನಲ್ಲ?” ಎಂದು ಪೊಟ್ಟಣವನ್ನು ಕಲಿಯಾಳ ಕೈಗೆ ತುರುಕಿದಳು.

“ಸೋತ ಸಿಟ್ಟು ನಿಂದು.”

“ಸೋತೆ. ಒಪ್ಕೊಂಡೆ. ಕೆರೆ, ಹೃದಯ ಎರಡೂ ಒಂದೇ. ಆದ್ರೆ ಕೆರೆ ಬಾಯಿ ಮುಚ್ಕೊಂಡಿರುತ್ತೆ.”

ಆರ್ವಿಡ್ ನಕ್ಕ, ಎದೆ ನೋಯದ ಹಾಗೆ ಮೆಲ್ಲಗೆ. ಭೇಟಿಯ ಹೊತ್ತು ಮುಗಿಯಿತೆಂದು ನರ್ಸ್ ಬಂದು ಹೇಳಿದಳು. ಕಲಿಯಾ ಎದ್ದಳು. ಬರ್ನಿಸ್ ಏಳಲಿಲ್ಲ. ಕುರ್ಚಿಯನ್ನು ಹಾಸಿಗೆಗೆ ಒತ್ತರಿಸಿ, ಹಿಮದ ಬೂಟು ಕಳಚಿ, ಚಳಿಗಾಲದಲ್ಲಿ ಇಬ್ಬರೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನಿಗೆ ಗಾಳ ಹಾಕಿ ಕೂರುವಾಗಿನಂತೆ ಕಾಲು ಮೇಲೆತ್ತಿ ಮಂಚದ ಅಂಚಿಗಿಟ್ಟಳು.

“ಮನೆಗೆ ಹೋಗಲ್ವಾ?” ಎಂದ ಆರ್ವಿಡ್.

“ನನ್ನ ಕೆರೆ” ಎಂದಳು ಬರ್ನಿಸ್. “ದಡ ಬಿಟ್ಟು ಎಲ್ಲಿಗೆ ಹೋಗ್ಲಿ?”