ವಿಭೂತಿ ಡಬ್ಬಿ

ನನ್ನ ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಮಾವ ಟಿವಿ ಹಾಕಿದರು. ಗಾಂಜಾವನ್ನು ಕಾನೂನುಬದ್ಧ ಮಾಡಬೇಕೇ ಎಂಬ ಚರ್ಚೆ ನಡೆದಿತ್ತು.

"ನೋವಿನವರಿಗಾದ್ರೂ ಕೊಡ್ಲಿ ಬಿಡಪ್ಪ," ಎಂದ ಮೈದುನ. "ಕಡೀಕ ಅಣ್ಣಗ ನಿದ್ದಿ ಬಂದಿದ್ದು ಅದರಿಂದನ."

"ನಾ ಪೊಲೀಸ್ ಫೌಜದಾರ ಆಗಿದ್ದಾಂವ. ನನ್ನ ಮನ್ಯಾಗ ಗಾಂಜಾ ವಾಸನಿ!" ಮಾವ ನನ್ನತ್ತ ತಿರುಗಿದರು. "ತಂದುಕೊಟ್ಟಾಕಿ ನೀನ ಅಲ್ಲೇನು? ಇಷ್ಟು ಕಲತಾಕಿಗೆ ಕಾನೂನು ಗೊತ್ತಿಲ್ಲೇನು?"

ಡಾಕ್ಟರ ಮಾತ್ರೆ ಸಾಲದೆ ನನ್ನ ಗಂಡ ಒಳಗೆ ನರಳುತ್ತಿದ್ದಾಗಲೂ ಇವರಿಬ್ಬರೂ ಹೀಗೇ ವಾದಿಸುತ್ತಿದ್ದರು.

ಸೋಮವಾರ ಸಾಧುಗಳ ಮಠಕ್ಕೆ ಹೋಗಿ ಬರುವುದು ಬಿಟ್ಟರೆ ಹೊಸ್ತಿಲು ದಾಟದ ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು.

"ಹೌದ್ರಿ ಮಾವ, ನಾನ ತಂದಿದ್ದೆ," ಎಂದೆ.

"ಹಂಗಿದ್ರ ಇವತ್ತ ನಿನ್ನ ತವರಿಗೆ ನಡಿ."

ಮೈದುನ ಟಿವಿಯ ಸದ್ದು ತಗ್ಗಿಸಿದ. ಬೇರೇನೂ ಮಾಡಲಿಲ್ಲ.

ಬಟ್ಟೆ ತುಂಬಿಕೊಂಡೆ. ಹೊರಡುವ ಮೊದಲು, ಗಂಡನ ದಿಂಬಿನ ಕೆಳಗಿದ್ದ ಪುಟ್ಟ ಡಬ್ಬಿಯನ್ನು ಅಡುಗೆಮನೆಗೆ ಒಯ್ದು ಅತ್ತೆಯ ಕೈಗೆ ಕೊಟ್ಟೆ.

"ನಿಮ್ಮ ವಿಭೂತಿ ಡಬ್ಬಿರಿ, ಅತ್ತಿ. ತೊಳದೀನಿ. ಈಗ ವಾಸನಿ ಇಲ್ಲ."